ದುಃಖವಿಲ್ಲದ ಜನ

ಗಲಬುಜಿಯ ಹೆಣಕ್ಕೆ ಮರದ ತೊಗಟೆ ಬಡಿದು ಮಾಡಿದ ಬಟ್ಟೆ ಸುತ್ತಿ ಮುಗಿಸುವುದಕ್ಕೂ ಡಾಕ್ಟರ್ ಹಾರ್ವುಡ್‌ನ ಕಾರು ಬಾಳೆತೋಟದ ಅಂಚಿಗೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಸತ್ತವನು ಮಯಾಂಜನ ಒಡಹುಟ್ಟಿದ ತಮ್ಮ. ಬಂದವನು ಹುಚ್ಚಾಸ್ಪತ್ರೆಯ ಬಿಳಿ ಡಾಕ್ಟರು, ಮಯಾಂಜ ಅವನ ದುಭಾಷಿ.

"ಭಾವ, ಅವನ ಹತ್ರ ಬಾಯಿ ಬಿಡಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ತಮ್ಮನ ಹೆಂಡತಿ ನಂತೊಂಗೊ ಪಿಸುಗುಟ್ಟಿದಳು. "ಹಲಸಿನ ಮರದಿಂದ ಜಾರಿ ಬಿದ್ರು ಅಂತ ಊರಿಗೆಲ್ಲ ಹೇಳಾಗಿದೆ. ನೇಣು ಅಂತ ಗೊತ್ತಾದ್ರೆ ಇವ್ರನ್ನ ಅಪ್ಪ-ತಾತಂದಿರ ಪಕ್ಕ ಮಲಗಿಸೋಕೆ ಬಿಡ್ತಾರಾ? ಆ ಮರಾನೂ ಕಡಿದು, ದಾರಿ ಕೂಡೋ ಕಡೆ ಒಟ್ಟಿಗೆ ಸುಟ್ಟು ಹಾಕ್ತಾರೆ. ಹೋಗೋ ಬರೋರೆಲ್ಲ ಆ ಬೂದಿ ಮೇಲೆ ಕಸ ಎಸೀತಾರೆ."

"ಹೇಳಲ್ಲ, ಸುಮ್ನಿರಮ್ಮ."

ಹಗ್ಗ ಕುಯ್ದು ತಮ್ಮನನ್ನು ಇಳಿಸಿದವನು ಮಯಾಂಜನೇ. ಹೋದ ತಿಂಗಳು ಅವನನ್ನು ಆಸ್ಪತ್ರೆಗೆ ಕರೆದೊಯ್ದವನೂ ಅವನೇ. ನೀರು ತರಲು ಕಳಿಸಿದ ಮಗಳು ಸರೋವರದಲ್ಲಿ ಮುಳುಗಿದ ಮೇಲೆ ಗಲಬುಜಿ ಊಟ ನಿದ್ದೆ ಬಿಟ್ಟು, "ಕಳಿಸಿದವನು ನಾನು, ಕೊಂದವನೂ ನಾನೇ" ಎಂದು ಗೋಡೆ ನೋಡುತ್ತ ಕೂತುಬಿಟ್ಟಿದ್ದ. ಡಾಕ್ಟರು ನಕ್ಕು ಬೆನ್ನು ತಟ್ಟಿ ಕಳಿಸಿದ್ದ. "ಈ ಕೊರಗಿನ ಕಾಯಿಲೆ ನಿಮ್ಮ ಆಫ್ರಿಕದವರಿಗೆ ಬರೋದಿಲ್ಲ ಮಯಾಂಜ. ಅದಕ್ಕೆ ಬಲಿತ ಮನಸ್ಸು ಬೇಕು. ನೀವು ಮಕ್ಕಳಿದ್ದ ಹಾಗೆ, ಇವತ್ತು ಅಳ್ತೀರಿ, ನಾಳೆ ಕುಣೀತೀರಿ." ಅವನಿಗಿಂತ ಮುಂಚಿನವರ ಪುಸ್ತಕಗಳಲ್ಲೂ ಅದೇ ಇತ್ತು, ಅವನು ಬರೆಯುತ್ತಿದ್ದ ಪುಸ್ತಕದಲ್ಲೂ ಅದೇ. ಪುಣ್ಯಾತ್ಮ ಮನಸಾರೆ ನಂಬಿದ್ದ.

ಈಗ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು, ಮಯಾಂಜನನ್ನು ಪಕ್ಕಕ್ಕೆ ಕರೆದ. ಮುಖ ಬಾಡಿತ್ತು.

"ಮುಚ್ಚುಮರೆ ಬೇಡ ಮಯಾಂಜ. ನಿನ್ನ ತಮ್ಮ ತಾನೇ ಏನಾದ್ರೂ ಮಾಡ್ಕೊಂಡನಾ?"

ಡಾಕ್ಟರು ಇನ್ನೂ ಹತ್ತಿರ ಬಂದ.

"ಹಾಗಿದ್ರೆ ಹೇಳಿಬಿಡು. ನಾನು ಬರೆದದ್ದು ತಪ್ಪು ಅಂತಾಗುತ್ತೆ. ಆಗ್ಲಿ, ಹರಿದು ಹಾಕಿ ಬೇರೆ ಬರೀತೀನಿ."

ಮಾತು ಮಯಾಂಜನ ಗಂಟಲವರೆಗೂ ಬಂತು. ಗಲಬುಜಿಯ ಹಾಗೆಯೇ ಊಟ ಬಿಟ್ಟ ಹೆಂಗಸೊಬ್ಬಳು ಆಸ್ಪತ್ರೆಯ ಜಗಲಿಯಲ್ಲಿ ಕೂತಿದ್ದಳು. ನಾಳೆ ಅವಳನ್ನೂ ಬೆನ್ನು ತಟ್ಟಿ ಮನೆಗೆ ಕಳಿಸುತ್ತಾರೆ. ಆದರೆ ನಿಜ ಹೇಳಿದರೆ ಡಾಕ್ಟರು ಬಟ್ಟೆ ಸರಿಸಿ ಕುತ್ತಿಗೆ ನೋಡದೆ ಬಿಡುವವನಲ್ಲ. ಗುಂಡಿಯ ಸುತ್ತ ಕುಲದ ಹಿರಿಯರು ಗುದ್ದಲಿ ಊರಿಕೊಂಡು ಕಾಯುತ್ತಿದ್ದರು. ಇಂಗ್ಲಿಷಿನ ಒಂದಕ್ಷರವೂ ಬಾರದ ನಂತೊಂಗೊ ಅವನ ತುಟಿಗಳನ್ನೇ ನೋಡುತ್ತಿದ್ದಳು.

"ಇಲ್ಲ ಸ್ವಾಮಿ. ಕಾಲು ಜಾರಿತು."

ಡಾಕ್ಟರು ಟೋಪಿ ತಲೆಗೇರಿಸಿದ. ಬಾಡಿದ ಮುಖಕ್ಕೆ ಕಳೆ ಬಂತು.

"ನನಗೆ ಗೊತ್ತಿತ್ತು. ಆದ್ರೂ ಕೇಳೋದು ನನ್ನ ಧರ್ಮ. ನೋಡು, ಕಟ್ಟಿಕೊಂಡ ಹೆಂಡತಿ ಕಣ್ಣಲ್ಲೂ ಒಂದು ಹನಿ ನೀರಿಲ್ಲ. ಅದೃಷ್ಟವಂತರಪ್ಪ ನೀವು! ಪುಸ್ತಕದಲ್ಲಿ ನಿನ್ನ ಹೆಸರೂ ಹಾಕ್ತೀನಿ. ಓದಿದ ಆಫ್ರಿಕದವನೇ ಸಾಕ್ಷಿ ಅಂದ್ಮೇಲೆ ಇನ್ನು ಯಾರು ಅನುಮಾನ ಪಡ್ತಾರೆ?"

ಮಯಾಂಜ ಅಭ್ಯಾಸಬಲದಿಂದ ತಲೆ ಬಾಗಿಸಿ ಕಾರಿನ ಬಾಗಿಲು ತೆರೆದ. ಡಾಕ್ಟರು ನೆರೆದವರಿಗೆಲ್ಲ ಕೈಮಾಡಿ ಹೊರಟುಹೋದ.

"ಏನಂದ್ರು ಭಾವ?" ನಂತೊಂಗೊ ಓಡಿಬಂದಳು.

ದುಭಾಷಿಯ ಬಾಯಿ, ಬೇರೆಯವರ ಮಾತಿಗೆ ಸುಳ್ಳು ಸೇರಿಸಲು ಬರಲಿಲ್ಲ. "ನಮ್ಮವರಿಗೆ ದುಃಖ ಅಂದ್ರೇನು ಅಂತಾನೇ ಗೊತ್ತಿಲ್ವಂತೆ."

ಅವಳು ಉಟ್ಟ ಬಟ್ಟೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಬಾಯಿ ಬಿಟ್ಟರೆ ಅಳುವಿನ ಜೊತೆ ನಿಜವೂ ಹೊರಬಿದ್ದೀತೆಂದು ನಿನ್ನೆಯಿಂದ ಹಾಗೆಯೇ ತಡೆದುಕೊಂಡಿದ್ದಳು.

"ಬೇಗ ಮಣ್ಣು ಮುಚ್ಚಿಸಿ ಭಾವ," ಎಂದಳು. "ನಾನು ಅಳ್ಬೇಕು."