ತುಳಸಿಗೆ ಕಟ್ಟಿದ ಬಿಲ್ವ

ಕರಿಬಸಯ್ಯನವರ ಅಂಗೈಯಲ್ಲಿ, ಲಿಂಗದ ಮೇಲೆ ಏರಿಸಿದ್ದ ಬಿಲ್ವಪತ್ರೆ ಅಲುಗಿತು. ಗಾಳಿ ಇರಲಿಲ್ಲ. ಅವರು ಕೈಯನ್ನು ಕಣ್ಣಿನ ಹತ್ತಿರ ತಂದು ನೋಡಿದರು. ತೊಟ್ಟಿನ ಬಳಿ ಎಲೆಯದೇ ಬಣ್ಣದ, ಹಸಿ ಶೇಂಗಾದಷ್ಟಿದ್ದ ಏನೋ ಒಂದು ಮತ್ತೆ ಹೊರಳಿ ಸುಮ್ಮನಾಯಿತು. ಚಿಟ್ಟೆಯ ಕೋಶವೆಂದು ಆಗ ಹೊಳೆಯಿತು. ಪಕ್ಕದ ಮನೆಯ ಜಯಾಬಾಯಿಯವರಿಗೆ ಕೊಟ್ಟಿದ್ದ ಮಾತನ್ನು ಅವರು ಚಿವುಟಿ ತಂದು ಲಿಂಗಕ್ಕೆ ಏರಿಸಿಬಿಟ್ಟಿದ್ದರು.

ಬಿಲ್ವದ ಗಿಡ ಇವರ ಅಂಗಳದ್ದು. ಒಂದು ಕೊಂಬೆ ಗೋಡೆ ದಾಟಿ ಜಯಾಬಾಯಿಯವರ ಹಿತ್ತಲಿಗೆ ಬಾಗಿತ್ತು. ಹುಳು ತಿಂದು ತೂತಾದ ಪತ್ರೆ ಪೂಜೆಗೆ ಬಾರದೆಂದು ಕರಿಬಸಯ್ಯನವರು ನಾರಾಯಣಪೇಟೆಯಿಂದ ಔಷಧಿ ತಂದಿಟ್ಟಿದ್ದರು. "ಈ ಕಡೆ ಕೊಂಬಿಯೊಂದು ಬಿಡ್ರಿ ಅಯ್ಯನವರ. ಒಂದು ಚಿಟ್ಟಿ ಏಳೂದು ಕಣ್ಣಾರೆ ನೋಡ್ತೀನಿ, ಆಮ್ಯಾಲೆ ಹೊಡೀರಿ" ಎಂದು ಜಯಾಬಾಯಿ ಕೇಳಿಕೊಂಡಿದ್ದರು. ಇವರು ಹೂಂ ಅಂದಿದ್ದರು. ಹಕ್ಕಿಗಳು ಹುಳುಗಳನ್ನೆಲ್ಲ ಹೆಕ್ಕಿ ಮುಗಿಸಿದ ಮೇಲೆ, ಕೋಶ ಕಟ್ಟಿಕೊಂಡು ಉಳಿದದ್ದು ಒಂದೇ ಒಂದು. ಅದನ್ನೇ ಇವತ್ತು ನಸುಕಿನಲ್ಲಿ ಗೋಡೆಯ ಮೇಲಿಂದ ಕೈ ಚಾಚಿ, ಪೊರೆ ಬಂದ ಕಣ್ಣು ನಂಬಿಕೊಂಡು, ಎಳೆ ಕುಡಿಯೆಂದು ಕಿತ್ತಿದ್ದರು.

ಪೂಜೆಯ ನಡುವೆ ಏಳುವಂತಿಲ್ಲ. ಉಳಿದ ಮಂತ್ರಗಳು ಉಟ್ಕೂರು ದಾರಿಯ ಆಟೋಗಳ ಹಾಗೆ ಒಂದನ್ನೊಂದು ಹಿಂದೆ ಹಾಕಿ ಓಡಿದವು. "ಇವತ್ತ ಇಷ್ಟು ಲಗೂ ಮುಗೀತಾ ಮಾವಾರ?" ಎಂದು ಸೊಸೆ ಶೈಲಜಾ ಕೇಳುವಷ್ಟರಲ್ಲಿ ಅವರು ತಟ್ಟೆ ಹಿಡಿದು ಗೋಡೆಯ ಬಳಿ ನಿಂತಾಗಿತ್ತು.

ಆಚೆ ಜಯಾಬಾಯಿ ಮಡಿಸೀರೆಯಲ್ಲಿ, ಕೊಂಬೆಯ ಕೆಳಗೆ ಕತ್ತೆತ್ತಿ ನಿಂತಿದ್ದರು. ತುದಿಯಲ್ಲಿ ಉಗುರಿನಿಂದ ಚಿವುಟಿದ ಗುರುತು ಇನ್ನೂ ಹಸಿಯಾಗಿತ್ತು. ಅದನ್ನು ಅವರು ನೋಡಿದ್ದರು.

"ಹಕ್ಕಿ ಒಯ್ದಿರಬೇಕು, ಬಿಡ್ರಿ" ಎಂದರು, ಇವರು ಬಾಯಿ ತೆರೆಯುವ ಮೊದಲೇ.

"ಹಕ್ಕಿ ಅಲ್ರಿ, ನಾನ." ಕರಿಬಸಯ್ಯನವರು ತಟ್ಟೆ ಚಾಚಿದರು. "ಲಿಂಗಕ್ಕ ಏರಿಸಿಬಿಟ್ಟಿದ್ದೆ. ಜೀವ ಐತಿ ನೋಡ್ರಿ ಇನ್ನೂ."

ಜಯಾಬಾಯಿ ಬಗ್ಗಿ ನೋಡಿದರು. ಮುಖ ಅರಳಿತು. "ನಾ ಮಡಿಯಾಗ ಇದ್ದೀನಿ, ಮುಟ್ಟಂಗಿಲ್ಲ. ನೀವ ಈ ಕಡೆ ಬಂದು ಕಟ್ಟರಿ. ಗಿಡಕ್ಕ ಬ್ಯಾಡ, ಹಕ್ಕಿ ಕಾಯ್ಕೊಂಡು ಕೂತಾವ. ತುಳಸಿಗೆ ಕಟ್ಟರಿ, ಮುಂದ ನಾ ಕೂತಿರ್ತೀನಿ."

"ನಿಮ್ಮ ತುಳಸಿಗೆ ನಮ್ಮ ಪತ್ರಿ ಕಟ್ಟಿದ್ರ ನಡೀತೈತೇನ್ರಿ?"

"ಒಳಗ ಮಲಗಿದ್ದಕ್ಕ ಏನ್ ಗೊತ್ರಿ, ಯಾರ ಮನಿ ಅಂತ?"

ಶೈಲಜಾ ಲಿಂಗಕ್ಕೆ ಕಟ್ಟುವ ಹೊಸ ಶಿವದಾರದಿಂದ ಒಂದೆಳೆ ಬಿಚ್ಚಿ ತಂದುಕೊಟ್ಟಳು. ಕರಿಬಸಯ್ಯನವರು ತುಳಸಿಕಟ್ಟೆಯ ಮುಂದೆ ಮೊಣಕಾಲೂರಿ, ಆ ಕುಡಿಯನ್ನು ತುಳಸಿಯ ಕಡ್ಡಿಗೆ ಕಟ್ಟಿದರು.

ಅಂದಿನಿಂದ ಪೂಜೆ ಮುಗಿಸಿದ್ದೇ ಗೋಡೆ ಸುತ್ತಿ ಬರುವುದು ಅವರ ರೂಢಿಯಾಯಿತು. "ದಿನಾ ತುಳಸಿ ದರ್ಶನ ಆಗಲಿಕತ್ತದ. ನಾಳೆ ಏಕಾದಶಿ ಅದ, ಉಪವಾಸನೂ ಮಾಡ್ರಿ ಮತ್ತ" ಎಂದು ಜಯಾಬಾಯಿ ಕಾಡಿಸಿದರು. "ನೀವು ಸೋಮವಾರ ಹಿಡೀರಿ, ನಾ ಏಕಾದಶಿ ಹಿಡೀತೀನಿ" ಎಂದು ಇವರೂ ಬಿಡಲಿಲ್ಲ. ಆದರೆ ಪತ್ರೆ ಒಣಗಿ ಮುರುಟಿತು. ಕೋಶವೂ ಕಪ್ಪಾಗತೊಡಗಿದಾಗ ಕರಿಬಸಯ್ಯನವರ ದನಿ ಇಳಿಯಿತು. "ಕರ್ರಗ ಆಗೇತ್ರಿ. ನನ್ನ ಕೈಯಿಂದ ಸತ್ತಿತೇನು?"

"ಸತ್ತಿಲ್ರಿ. ಒಳಗಿನ ರೆಕ್ಕಿ ಬಣ್ಣ ಹೊರಗ ಕಾಣಲಿಕತ್ತದ" ಎಂದು ಜಯಾಬಾಯಿ ಅವರಿಗೆ ಕುರ್ಚಿ ಎಳೆದು ಹಾಕಿದರು. ತಾವು ಕಟ್ಟೆಯ ಮೇಲೆ ಕೂತರು.

ಮರುದಿನ ಬೆಳಗ್ಗೆ ಕೋಶ ಬಿರಿಯಿತು. ಮುದ್ದೆಯಾದ ಒದ್ದೆ ಬಟ್ಟೆಯಂತಹ ಜೀವವೊಂದು ಹೊರಬಂದು, ಶಿವದಾರವನ್ನೇ ಹಿಡಿದು ಜೋತುಬಿತ್ತು. ಒಲೆಯ ಮೇಲೆ ಜಯಾಬಾಯಿಯವರ ಹಾಲು ಉಕ್ಕಿ ವಾಸನೆ ಬಂತು; ಅವರು ಏಳಲಿಲ್ಲ. ರೆಕ್ಕೆಗಳು ನಿಧಾನವಾಗಿ ಬಿಚ್ಚಿಕೊಂಡವು. ಕಪ್ಪು, ಕಪ್ಪಿನ ಮೇಲೆ ತಿಳಿಹಳದಿ ಚುಕ್ಕೆ, ಕೆಳಗೊಂದು ಕುಂಕುಮದ ಬೊಟ್ಟು. ಬಿಸಿಲು ಕಟ್ಟೆಗೆ ಬಂದಾಗ ಚಿಟ್ಟೆ ಎದ್ದು, ಕರಿಬಸಯ್ಯನವರ ಬೋಳುತಲೆಯ ಮೇಲೆ ಒಂದು ಕ್ಷಣ ಕೂತು, ಗೋಡೆ ದಾಟಿ ಹೋಯಿತು. ಅವರು ಬಹಳ ಹೊತ್ತು ತಲೆ ಅಲುಗಿಸಲೇ ಇಲ್ಲ.

"ನೀವು ಕೊಟ್ಟ ಮಾತು ಮುಗೀತ್ರಿ. ಇನ್ನ ಔಷಧ ಹೊಡೀರಿ" ಎಂದರು ಜಯಾಬಾಯಿ, ಕಣ್ಣೊರೆಸಿಕೊಂಡು ನಗುತ್ತ. ಕರಿಬಸಯ್ಯನವರು ಮನೆಗೆ ಹೋದರು.

ಮಾರನೆಯ ನಸುಕಿನಲ್ಲಿ ಜಯಾಬಾಯಿ ನೀರು ಸೇದುತ್ತಿದ್ದಾಗ ಗೋಡೆಯಾಚೆ ಬ್ಯಾಟರಿಯ ಬೆಳಕು ಕಂಡಿತು. ಕರಿಬಸಯ್ಯನವರು ಒಂದು ಪತ್ರೆಯನ್ನು ಮೆಲ್ಲಗೆ ಎತ್ತಿ ಹಿಡಿದು, ಬಾಗಿಲು ತಟ್ಟುವ ಹಾಗೆ ಬೆರಳ ತುದಿಯಿಂದ ತಟ್ಟಿ ಕೇಳುತ್ತಿದ್ದರು:

"ಒಳಗ ಯಾರರ ಅದೀರೇನ್ರಿ?"

ಸ್ವಲ್ಪ ಹೊತ್ತು ಕಾದು, ಆಮೇಲೆ ಕಿತ್ತರು.