ಕೆರೆಯ ನಡುವಿನ ದಿಣ್ಣೆ

ಇಲಿಬೋನಿನ ಬಾಗಿಲು ಟಪ್ಪೆಂದು ಬಿದ್ದ ಸದ್ದಿಗೆ ಕೋದಂಡರಾಮಯ್ಯನವರು ಜಪವನ್ನು ಅರ್ಧಕ್ಕೇ ಬಿಟ್ಟು ಮಗ್ಗದ ಮನೆಗೆ ಬಂದರು. ಬೋನಿನೊಳಗೆ ದಪ್ಪನೆಯ ಇಲಿ. ಅದರ ಮೀಸೆಗೆ ಹಳದಿ ರೇಷ್ಮೆಯ ಎಳೆಯೊಂದು ಸಿಕ್ಕಿಕೊಂಡಿತ್ತು. ಮಗ್ಗದ ಮೇಲಿನ ಆ ಹಳದಿ ಹಾಸು, ಹೋದ ವರ್ಷ ತೀರಿಕೊಂಡ ಹೆಂಡತಿ ರುಕ್ಮಿಣಮ್ಮ ಕಡೆಯ ಸಲ ಎಳೆಗೆ ಎಳೆ ಹೊಸೆದು ಏರಿಸಿದ್ದು. ನೇಯ್ದು ಮುಗಿಸಲು ಮನಸ್ಸು ಬಾರದೆ ಅವರು ಆ ಮಗ್ಗವನ್ನೇ ನಿಲ್ಲಿಸಿಬಿಟ್ಟಿದ್ದರು. ಇಲಿಗಳಿಗೆ ಅಂಥ ಸಂಕೋಚವಿರಲಿಲ್ಲ.

"ತಾತ, ಬಿಡ್ಬೇಡಿ, ನಂಗೆ ಕೊಡಿ," ಎಂದಳು ರಜೆಗೆ ಬಂದಿದ್ದ ಮೊಮ್ಮಗಳು ಸ್ನೇಹ. ದೂರದ ದ್ವೀಪದ ಇಲಿಗಳ ಹೊಟ್ಟೆಯಲ್ಲಿರುವ ಹುಳುಗಳ ಸಂಶೋಧನೆ ಅವಳದು. "ಅಲ್ಲಿನ ಇಲಿ ಜೊತೆ ನಮ್ಮೂರಿಂದೂ ಹೋಲಿಸಿ ನೋಡ್ಬೇಕು."

"ಹೊಟ್ಟೆ ಕುಯ್ಯೋಕಾ? ರಾಮ ರಾಮ! ಗಣಪನ ವಾಹನ ಕಣಮ್ಮ. ನಿಮ್ಮಜ್ಜಿ ಒಂದಕ್ಕೂ ಪಾಷಾಣ ಇಟ್ಟೋಳಲ್ಲ."

"ಆ ದ್ವೀಪದಲ್ಲಿ ಮೊದ್ಲು ಇಲಿನೇ ಇರ್ಲಿಲ್ಲ ತಾತ. ಹಡಗಲ್ಲಿ ಬಂದೋರಿಂದ ಬಂದಿದ್ದು. ಇಲಿ ಹೊಟ್ಟೇಲಿ ಹುಳ. ಹುಳ ಅಲ್ಲಿನ ಪುಟ್ಟ ಪ್ರಾಣಿಗಳಿಗೆ ಹತ್ಕೊಳ್ತು. ಹಕ್ಕಿ ಮೊಟ್ಟೆಗಳನ್ನ ಇಲಿನೇ ತಿಂದ್ಬಿಡ್ತು."

"ಎಂಥಾ ಪಾಪಿಗಳಮ್ಮ! ಬಾಯಿಲ್ಲದ ಜೀವಗಳ ಮನೆಗೆ ಮಾರಿ ನುಗ್ಗಿಸ್ದಂಗಾಯ್ತು!" ಅವರು ಗಲ್ಲ ಬಡಿದುಕೊಂಡು, ಬೋನಿಗೆ ಗೋಣಿಚೀಲ ಸುತ್ತತೊಡಗಿದರು.

"ಇದನ್ನ ಎಲ್ಲಿ ಬಿಡ್ತೀರಿ?"

"ಊರಾಚೆ ಬಿಟ್ರೆ ವಾಪಸ್ ಬಂದ್ಬಿಡ್ತವೆ. ಅದಕ್ಕೇ ಮುನಿಶಾಮಪ್ಪನ ತೆಪ್ಪದಲ್ಲಿ ಹೋಗಿ, ಕೆರೆ ಮಧ್ಯದ ದಿಣ್ಣೆ ಮೇಲೆ ಬಿಟ್ಟು ಬರ್ತೀನಿ. ಸಾಯ್ಸೋದಕ್ಕಿಂತ ಪುಣ್ಯದ ಕೆಲಸ. ಸುತ್ತ ನೀರು, ತಿನ್ನೋಕೆ ಏನಾದ್ರೂ ಸಿಗ್ತದೆ, ಎಷ್ಟೊಂದು ಹಕ್ಕಿ ಗೂಡು…"



"ಈಗ್ಲೂ ಹಕ್ಕಿಗಳು ಇದಾವಾ ತಾತ?"

ಹೋದ ಸಲ ಇಲಿ ಬಿಡಲು ಹೋದಾಗ ದಿಣ್ಣೆಯ ಮೇಲೆ ಒಂದು ಚಿಲಿಪಿಲಿಯೂ ಕೇಳದಿದ್ದದ್ದು ಕೋದಂಡರಾಮಯ್ಯನವರಿಗೆ ನೆನಪಾಯಿತು. ಅದನ್ನವರು ಶಾಂತಿ ಎಂದುಕೊಂಡು, ಅಲ್ಲೇ ಕುಳಿತು ರುಕ್ಮಿಣಮ್ಮನ ಹೆಸರಿನಲ್ಲಿ ರಾಮನಾಮ ಜಪಿಸಿ ಬಂದಿದ್ದರು.

ಸ್ನೇಹ ಬೋನಿಗಾಗಿ ಕೈ ಚಾಚಿದಳು. ಅವರು ಆ ಕೈಯನ್ನು ನೋಡಿದರು, ಹಳದಿ ಹಾಸನ್ನು ನೋಡಿದರು. ಆಮೇಲೆ ಗೋಣಿಚೀಲ ಬಿಚ್ಚಿ, ಬೋನನ್ನು ಮಗ್ಗದ ಬುಡದಲ್ಲಿಟ್ಟು ಬಾಗಿಲೆತ್ತಿದರು.

"ಹೋಗಪ್ಪಾ, ಅವಳ ಎಳೆ ತಿಂದೇ ಬೆಳೆದೋನು ನೀನು. ಇನ್ನೊಬ್ಬರ ಮನೆಗೆ ಯಾಕೆ, ಇಲ್ಲೇ ಇರು."

ಇಲಿ ಅತ್ತಿತ್ತ ನೋಡಲಿಲ್ಲ. ನೆಟ್ಟಗೆ ಹಾಸಿನ ಮೇಲೇರಿ, ಬಿಟ್ಟಿದ್ದ ಕಡೆಯಿಂದಲೇ ಮತ್ತೆ ಶುರುಮಾಡಿತು.