ಮಾವನ ಹೆಲ್ಮೆಟ್, ತನುಶ್ರೀಯ ಮಾಸ್ಕ್

ಹುಬ್ಬಳ್ಳಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಮಹಾಂತೇಶನ ಅಂಗಡಿಗೆ ಒಂದು ದಿನ ದೊಡ್ಡದೊಂದು ರಟ್ಟಿನ ಡಬ್ಬಿ ಬಂತು...

ಪಕ್ಕದ ಚಹಾದಂಗಡಿಯ ಶಿವಪುತ್ರಪ್ಪ ಇಣುಕಿ ನೋಡಿದ.

"ಏನೋ ಇದು? ಫ್ರಿಜ್ ತರಿಸೀಯೇನು?"

"ಬಾಹ್ಯಾಕಾಶದ ಯೋಧನ ಕವಚ ಕಾಕಾ. ಕಿಟ್ ಐತಿ, ನಾವ ಜೋಡಿಸಿ ಹಾಕ್ಕೋಬೇಕು."

"ಹೆಣ್ಣ ನೋಡಾಕ ಹೋಗುಮುಂದ ಇದನ್ನ ಹಾಕ್ಕೊಂಡ ಹೋಗು. ಯಾರೂ ಒಲ್ಲೆ ಅನ್ನೂದಿಲ್ಲ... ಅಂಜಿಕೀಗೆ!"

ಮಹಾಂತೇಶ ನಕ್ಕ. ಆದರೆ ಆ ಕಿಟ್ ಅವನ ಶೋಕಿಗೆ ತರಿಸಿದ್ದಾಗಿರಲಿಲ್ಲ.

ಅವನ ಅಕ್ಕ ಸುವರ್ಣಾಳ ಮಗಳು ತನುಶ್ರೀ. ಏಳು ವರ್ಷದ ಮಗು. ತಲೆಯೊಳಗೆ ಗಡ್ಡೆಯಾಗಿ ಆಪರೇಷನ್ ಆಗಿತ್ತು. ಇನ್ನು ರೇಡಿಯೇಷನ್ ಬಾಕಿ.

ಅದಕ್ಕೆ ಮುಖದ ಅಳತೆಗೆ ಒಂದು ಮಾಸ್ಕ್ ಬೇಕು. ತೂತು ತೂತಾದ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ ಮುಖದ ಮೇಲೆ ಹಾಸುತ್ತಾರೆ... ಆರಿದಂತೆ ಅದು ಗಟ್ಟಿಯಾಗುತ್ತದೆ. ಚಿಕಿತ್ಸೆಯ ಹೊತ್ತಿನಲ್ಲಿ ತಲೆ ಅಲುಗದಂತೆ ಹಿಡಿಯುವುದು ಅದೇ.

ಮೊದಲ ಸಲ ಆ ಹಾಳೆ ಮುಖದ ಹತ್ತಿರ ಬಂದದ್ದೇ ತಡ, ತನುಶ್ರೀ ಕಿರುಚಾಡಿ, ಯಾರೆಷ್ಟು ಸಮಾಧಾನ ಹೇಳಿದರೂ ಕೇಳದೆ ಮೇಜಿನಿಂದ ಇಳಿದು ಓಡಿದ್ದಳು.

ಸುಮ್ಮನೆ ಮಲಗದಿದ್ದರೆ ದಿನಾ ಇಂಜೆಕ್ಷನ್ ಕೊಟ್ಟು ಮಲಗಿಸಬೇಕಾಗುತ್ತದೆ ಎಂದರು ಡಾಕ್ಟರ್. ದಿನಾ ಬೆಳಿಗ್ಗೆ ಉಪವಾಸ, ದಿನಾ ಸೂಜಿ... ಅದೂ ವಾರಗಟ್ಟಲೆ. ಮೊದಲೇ ಸೊರಗಿದ ಮಗು.

"ಸೋಮವಾರ ಇನ್ನೊಂದು ಸಲ ನೋಡೋಣ" ಎಂದು ಕಳಿಸಿದ್ದರು.

ಅದಕ್ಕೇ ಈ ಕಿಟ್. ಮಾವನೇ ಅಂಥದ್ದನ್ನು ಹಾಕಿಕೊಂಡು ಬಂದರೆ ಮಗುವಿನ ಹೆದರಿಕೆ ಹೋದೀತು ಎಂಬುದು ಅವನ ಲೆಕ್ಕ.

ಡಬ್ಬಿ ತೆರೆದರೆ... ಬರೀ ಚಪ್ಪಟೆ ಫೋಮ್ ತುಂಡುಗಳು, ಅಂಟು, ಪಟ್ಟಿ, ಬೆಳ್ಳಿ ಬಣ್ಣ, ಹೆಲ್ಮೆಟ್ಟಿಗೊಂದು ಪ್ಲಾಸ್ಟಿಕ್ ಗಾಜು. ಚಪ್ಪಲಿ ಅಂಗಡಿಯ ಕಸದ ಹಾಗೆ ಕಾಣುತ್ತಿತ್ತು.

ಆದರೆ ಫೋನಿನ ಗಾಜು ಬಿಚ್ಚುವ ಬಿಸಿಗಾಳಿ ಮೆಷಿನ್ನಿನಿಂದ ಫೋಮ್ ಹಾಳೆಯನ್ನು ಕಾಯಿಸಿ, ಮೊಣಕಾಲ ಮೇಲಿಟ್ಟು ಮೆಲ್ಲಗೆ ಬಾಗಿಸಿದರೆ... ಹಾಳೆ ಭುಜವಾಗುತ್ತಿತ್ತು! ಎದೆಯಾಗುತ್ತಿತ್ತು!

ಒಂದು ಭುಜ ಸುಟ್ಟು ಹಪ್ಪಳವಾಯಿತು. ಅದನ್ನು ಮತ್ತೆ ಕತ್ತರಿಸಿ ಮಾಡಿದ. ಶಿವಪುತ್ರಪ್ಪ ಗಿರಾಕಿಗಳನ್ನು ಬಿಟ್ಟು ಬಂದು ಬಾಯಿ ತೆರೆದು ನೋಡುತ್ತ ನಿಂತ.

ಸೋಮವಾರ ಬೆಳಿಗ್ಗೆ, ತಲೆಗೆ ಒತ್ತಬಾರದೆಂದು ಹೆಲ್ಮೆಟ್ಟಿನ ಒಳಗೆ ದಪ್ಪ ಸ್ಪಂಜು ಅಂಟಿಸಿದ. ಹಾಕಿ ನೋಡಲು ಪುರುಸೊತ್ತಾಗಲಿಲ್ಲ. ಕವಚ ತೊಟ್ಟು, ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ಹಾಗೇ ಹೊರಟ.

ಆಸ್ಪತ್ರೆಯ ಕಾರಿಡಾರ್‌ನಲ್ಲಿ ಕುಳಿತವರೆಲ್ಲ ಎದ್ದು ನಿಂತರು. ವಾಚ್‌ಮನ್ ಸಲ್ಯೂಟ್ ಹೊಡೆದ. "ಎಲ್ಲೈತ್ರೀ ಯುದ್ಧ?"

ತನುಶ್ರೀ ಅವ್ವನ ಸೆರಗಿನ ಹಿಂದಿನಿಂದ ನೋಡಿದಳು. ಕಣ್ಣು ಅಗಲವಾದವು.

"ನೋಡವಾ ತನೂ, ನಂದೂ ಬಿಸಿ ಮಾಡಿ ಮಾಡಿದ್ದ. ನಾ ಏನರ ಅಂಜೇನೇನು?" ಎನ್ನುತ್ತ ಮಹಾಂತೇಶ ಹೆಲ್ಮೆಟ್ಟನ್ನು ತಲೆಗೆ ಒತ್ತಿಕೊಂಡ.

ಮಗು ಮೆಲ್ಲಗೆ ನಕ್ಕಿತು. ಆದರೆ...

ತೆಗೆಯಲು ಹೋದರೆ ಹೆಲ್ಮೆಟ್ ಬರಲಿಲ್ಲ.

ಎಳೆದ. ತಿರುಗಿಸಿದ. ಕಿವಿ ಹರಿದುಹೋದಂತಾಯಿತು. ಮುಂದಿನ ಗಾಜು ಮಂಜಾಗಿ ಏನೂ ಕಾಣದಾಯಿತು. ಉಸಿರು ಬಿಸಿಯಾಗಿ ವಾಪಸ್ ಮುಖಕ್ಕೇ ಬಡಿಯತೊಡಗಿತು.

"ಅಕ್ಕಾ... ತಗೀ ಇದನ್ನ! ಉಸುರ ಕಟ್ಟಾಕತ್ತೈತಿ!"

ಮಾಸ್ಕ್ ಮಾಡುವ ನಸೀಮಾ ಮೇಡಂ ಕತ್ತರಿ ಹಿಡಿದು ಓಡಿ ಬಂದರು. ಹಿಂದಿನಿಂದ ಕತ್ತರಿಸಬೇಕು. ಆದರೆ ಅವನು ಒಂದು ಕ್ಷಣ ನಿಂತರೆ ತಾನೇ? "ಅಲುಗಾಡಬ್ಯಾಡ್ರೀ, ಕಿವಿ ಕತ್ತರಿಸೀತು" ಎಂದರೂ ಆರಡಿ ಆಳು ಒದ್ದಾಡುತ್ತಲೇ ಇದ್ದ.

ಆಗ ಒಂದು ಪುಟ್ಟ ಕೈ ಬಂದು ಅವನ ಬೆರಳು ಹಿಡಿಯಿತು.

"ಮಾವಾ... ಕುಂದ್ರು."

ಅವನು ಕುಳಿತ.

"ಕಣ್ಣ ಮುಚ್ಚು. ಮೂಗಿಲೆ ಉಸುರ ತಗೋ. ಮೆಲ್ಲಕ ಬಿಡು... ನಾ ಇಲ್ಲೇ ಅದೀನಿ. ಆತು, ಇನ್ನೊಂದ ಚೂರ."

ನಸೀಮಾ ಮೇಡಂ ಕತ್ತರಿ ಹಿಡಿದೇ ನಿಂತುಬಿಟ್ಟರು. ಹಿಂದಿನ ಸಲ ಮೇಜಿನ ಮೇಲೆ ಕಿರುಚಾಡುತ್ತಿದ್ದ ಈ ಮಗುವಿಗೆ ಅವರು ಹೇಳಿದ್ದ ಮಾತುಗಳೇ ಅವು... ಒಂದೊಂದೂ! ಆ ಅಳುವಿನ ನಡುವೆ ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಮಹಾಂತೇಶನ ಎದೆ ಏರಿಳಿಯುವುದು ನಿಧಾನವಾಯಿತು. ಕತ್ತರಿ ಆಡಿತು. ಹೆಲ್ಮೆಟ್ ಎರಡು ಹೋಳಾಗಿ ಬಿತ್ತು.

ಬೆವರಿಳಿದ ಮುಖ, ಕೆಂಪಾದ ಕಿವಿ...

"ಮಾವಾ, ಅಂಜಿದ್ಯಾ?"

ಇಲ್ಲ ಎನ್ನಬಹುದಿತ್ತು. ಅವನು ಅನ್ನಲಿಲ್ಲ.

"ಭಾಳ ಅಂಜಿದ್ನಿ ತನೂ. ನೀ ಕೈ ಹಿಡದಿಲ್ಲಂದ್ರ ಅತ್ತಬಿಡ್ತಿದ್ನಿ."

ಮಗು ಬಿದ್ದ ಹೋಳನ್ನು ಎತ್ತಿ ಒಳಗೆ ಇಣುಕಿತು. ಆಮೇಲೆ ಮಾಸ್ಕ್ ಮಾಡುವ ಕೋಣೆಗೆ ಹೋಗಿ ಮೇಜಿನ ಮೇಲಿದ್ದ ಬಿಳಿ ಹಾಳೆಯನ್ನು ಬೆರಳಿನಿಂದ ಮುಟ್ಟಿ ನೋಡಿತು.

"ನಿಂದರಾಗ ತೂತ ಇದ್ದಿಲ್ಲ. ಇದರಾಗ ಎಷ್ಟ ಅದಾವ ನೋಡು. ನಂದ ಚಲೋ ಐತಿ."

ತಾನೇ ಮೇಜು ಹತ್ತಿ ಮಲಗಿದಳು.

ಬಿಸಿನೀರಿನಿಂದ ಎತ್ತಿದ ಹಾಳೆ ಅವಳ ಮುಖದ ಮೇಲೆ ಇಳಿಯಿತು. ಹಣೆ ಮೂಡಿತು... ಪುಟ್ಟ ಮೂಗು ಮೂಡಿತು... ಗಲ್ಲ ಮೂಡಿತು. ಮಗು ಬೆರಳನ್ನೂ ಅಲುಗಿಸಲಿಲ್ಲ.

ಆರಿದ ಮಾಸ್ಕನ್ನು ಎತ್ತಿದಾಗ ಎಲ್ಲರೂ ಹತ್ತಿರ ಬಂದು ನೋಡಿದರು... ಬೆಳಕು ತೂರಿ ಬರುವ ಒಂದು ಪುಟ್ಟ ಮುಖ!

ಚಿಕಿತ್ಸೆ ಶುರುವಾದ ದಿನ ಬಾಗಿಲು ಮುಚ್ಚಬೇಕಾಯಿತು. ಒಳಗೆ ಯಾರೂ ಇರುವಂತಿಲ್ಲ. ಸುವರ್ಣಾ ಮಗಳ ಕೈ ಬಿಡಲಾರದೆ ನಿಂತಿದ್ದಳು.

ಮಾಸ್ಕಿನ ಒಳಗಿನಿಂದ ಸಣ್ಣ ದನಿ ಬಂತು...

"ಅವ್ವಾ, ನೀ ಹೊರಗ ಹೋಗು. ಮಾವ ಒಬ್ಬನ ಅದಾನ, ಅಂವನ ಕೈ ಹಿಡ್ಕೋ."

ಅವಳಿಗೆ ಇಂಜೆಕ್ಷನ್ ಬೇಕಾಗಲೇ ಇಲ್ಲ... ಒಂದು ದಿನವೂ.

ಮಕ್ಕಳಿಗೆ ಧೈರ್ಯ ಬರಬೇಕಾದರೆ ನಾವು ಗಟ್ಟಿಗರಂತೆ ಕಾಣಬೇಕಿಲ್ಲ... ನಮ್ಮ ನಡುಗುವ ಕೈಯನ್ನು ಅವರಿಗೆ ಹಿಡಿಯಲು ಕೊಟ್ಟರೂ ಸಾಕು.

ನಿಮ್ಮ ಮನೆಯಲ್ಲಿ "ನನಗೂ ಹೆದರಿಕೆ ಆಗಿದೆ" ಎಂದು ನೀವು ಯಾರಿಗಾದರೂ ಹೇಳಿಕೊಂಡಿದ್ದೀರಾ?